ಎರಡೂ ಕಡೆಯವಳು

ಆಕೆ ಹೋದ ದಿನ ಉಮರಗಾದ ಮನೆ-ಜಾಗದ ದಲಾಲರೆಲ್ಲ ಅಂಗಡಿ ಮುಚ್ಚಿದರು. ನಾನೂ ಮುಚ್ಚಿದೆ. ದುಃಖಕ್ಕಲ್ಲ. ನಾನೊಬ್ಬನೇ ತೆರೆದು ಕೂತರೆ ‘ಆಕಿ ಸತ್ತರೂ ಇವನ ಹೊಟ್ಟೆಕಿಚ್ಚು ಆರಲಿಲ್ಲ’ ಎಂದು ಜನ ಆಡಿಕೊಳ್ಳುತ್ತಾರೆಂಬ ಹೆದರಿಕೆಗೆ. ಆರಿಲ್ಲ ಎನ್ನುವುದು ನಿಜವೇ. ಅದನ್ನು ಊರಿಗೇಕೆ ತೋರಿಸಬೇಕು?

ಮಣ್ಣಿಗೆ ಬಂದ ಜನವನ್ನು ನೋಡಿ ನನಗೆ ಮತ್ತೆ ಉರಿಯಿತು. ನಿಲಂಗಾದಿಂದ ಜೀಪು ಮಾಡಿಕೊಂಡು ಬಂದವರು, ಉದಗೀರದ ಮೊದಲ ಬಸ್ಸಿಗೆ ಬಂದವರು, ಮಾಕಣಿಯಿಂದ ಮೋಟಾರ್ ಸೈಕಲ್ಲಿನ ಹಿಂದೆ ಹೆಂಡತಿಯನ್ನು ಕೂಡಿಸಿಕೊಂಡು ಬಂದವರು. ಕೆಲವರಿಗೆ ಆಕೆ ಮನೆ ಕೊಡಿಸಿದವಳು, ಕೆಲವರಿಗೆ ಮಾರಿಸಿಕೊಟ್ಟವಳು. ಮಾರಿದವನೂ ಕೊಂಡವನೂ ಪಕ್ಕಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದನ್ನು ನಾನು ಈ ಧಂದೆಯಲ್ಲಿ ಮತ್ತೆಲ್ಲಿಯೂ ಕಂಡಿಲ್ಲ. ನಾನು ಮಾಡಿಸಿದ ವ್ಯವಹಾರಗಳಲ್ಲಿ ಕೊಂಡವನು ಮಾರಿದವನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಾನೆ. ಇಬ್ಬರೂ ನನ್ನನ್ನು ಕಂಡರೆ ಊರನ್ನೇ ದಾಟುತ್ತಾರೆ.

ಮನೆಗೆ ಬಂದು ಸ್ನಾನ ಮುಗಿಸಿ ಹೆಂಡತಿಯನ್ನು ಕೇಳಿದೆ: “ನಾ ಸತ್ತರ ಇಷ್ಟು ಮಂದಿ ಬರ್ತಾರೇನು?”

ಆಕೆ ಒಣಗಿದ ಧೋತರ ಕೈಗೆ ಕೊಡುತ್ತ, “ಸಂತಿ ದಿನ ನೋಡಿ ಸಾಯ್ರಿ, ಬಂದಾರು,” ಎಂದಳು.

ಊರು ಆಕೆಯನ್ನು ಮಾವಶಿ ಎಂದು ಕರೆಯುತ್ತಿತ್ತು. ಮರಾಠಿಯವರಿಗೆ ಮಾವಶಿ ಎಂದರೆ ತಾಯಿಯ ತಂಗಿ. ಇಲ್ಲಿ ಬಂದು ನೆಲೆಸಿದ ನಮ್ಮ ಕನ್ನಡದವರಿಗೂ ಬೇರೆ ಶಬ್ದ ಬೇಕಾಗಲಿಲ್ಲ. ಆಕೆಗೆ ಸ್ವಂತದ್ದೊಂದು ಹೆಸರು ಇತ್ತು, ಒಳ್ಳೆಯ ಹೆಸರು. ನಾನು ಹೇಳುವುದಿಲ್ಲ. ಹೇಳಿದರೆ ನಾನು ಬರೆದದ್ದರಲ್ಲಿಯೂ ಆಕೆಯ ಹೆಸರೇ ನಿಲ್ಲುತ್ತದೆ, ನನ್ನದು ಉಳಿಯುವುದಿಲ್ಲ.

ಆಳಂದದ ಕಡೆಯಿಂದ ಸೊಸೆಯಾಗಿ ಬಂದವಳು. ಗಂಡನದು ಪೇಟೆಯಲ್ಲಿ ಕಿರಾಣಿ ಅಂಗಡಿ. ಅಂಗಡಿಗೆ ಸಾಮಾನಿಗೆ ಬರುವ ನರ್ಸುಗಳಿಗೆ, ಬದಲಿಯಾಗಿ ಬಂದ ಮಾಸ್ತರರಿಗೆ ಬಾಡಿಗೆ ಖೋಲಿ ಹುಡುಕಿಕೊಡುವುದರಿಂದ ಇದೆಲ್ಲ ಶುರುವಾಯಿತು. ಗಂಡ ತೀರಿದ ಮೇಲೆ ಅಂಗಡಿಯನ್ನು ಮೈದುನನಿಗೆ ಬಿಟ್ಟು ಇದನ್ನೇ ಹಿಡಿದಳು. ಹಣೆಗೆ ವಿಭೂತಿ, ಎಡಗೈಗೆ ಗಂಡನ ದೊಡ್ಡ ಗಡಿಯಾರ, ಹೆಗಲಿಗೊಂದು ಬಟ್ಟೆಯ ಚೀಲ. ಆಫೀಸಿಲ್ಲ, ಬೋರ್ಡಿಲ್ಲ. ನನಗೋ ಬಸ್ ನಿಲ್ದಾಣದ ಎದುರು ಆಫೀಸು, ಗಾಜಿನ ಬಾಗಿಲು, ತಿರುಗುವ ಕುರ್ಚಿ, ಮೂರು ಭಾಷೆಯ ಬೋರ್ಡು. ಜನ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಫ್ಯಾನಿನ ಕೆಳಗೆ ಕೂತು, ತಣ್ಣೀರು ಕುಡಿದು, ಬಾಯಿ ಒರೆಸಿಕೊಂಡು, “ಮಾವಶಿ ಎಲ್ಲಿ ಸಿಗ್ತಾರ್ರಿ?” ಎಂದು ಕೇಳುತ್ತಿದ್ದರು. ನೀರು ಕುಡಿಯುವ ಮುಂಚೆ ಕೇಳಿದ್ದರೆ ನೀರಾದರೂ ಉಳಿಯುತ್ತಿತ್ತು.

ನನ್ನನ್ನು ಆಕೆ ‘ತಮ್ಮಾ’ ಎನ್ನುತ್ತಿದ್ದಳು. ಎದುರಿಗೆ ಗಿರಾಕಿ ಇದ್ದರೂ ಸರಿ, ತಹಶೀಲದಾರರ ಕಚೇರಿಯ ಮೆಟ್ಟಿಲಾದರೂ ಸರಿ. “ಊಟ ಆತೇನ್ ತಮ್ಮಾ?” ಹೊಟ್ಟೆ ಬಂದ, ಅರ್ಧ ಕೂದಲು ಬೆಳ್ಳಗಾದ, ತಿರುಗುವ ಕುರ್ಚಿಯ ಮನುಷ್ಯನಿಗೆ ತಮ್ಮಾ ಎಂದರೆ ಗಿರಾಕಿ ಯಾರನ್ನು ದೊಡ್ಡವರೆಂದು ತಿಳಿಯುತ್ತಾನೆ, ನೀವೇ ಹೇಳಿ. ಬೇಕೆಂದೇ ಅನ್ನುತ್ತಿದ್ದಳು ಎಂದು ನನ್ನ ಗುಮಾನಿ. ಹೆಂಡತಿಯ ಪ್ರಕಾರ ಅದು ಪ್ರೀತಿ. ನನ್ನ ವೈರಿಗಳ ಪ್ರೀತಿಯೆಲ್ಲ ನನ್ನ ಹೆಂಡತಿಗೆ ಬೇಗ ಕಾಣಿಸುತ್ತದೆ.

ಆಕೆಯದೊಂದು ಪದ್ಧತಿ ಇತ್ತು. ಬೇರೆ ಯಾವ ದಲಾಲನೂ ಮಾಡದ್ದು. ಮನೆ ನೋಡಿ, ರೇಟು ಮಾತಾಡಿ, ಇನ್ನೇನು ಇಸಾರದ ಹಣ, ಅಂದರೆ ಮುಂಗಡ, ಕೈ ಬದಲಾಗಬೇಕು ಎನ್ನುವಾಗ ಆಕೆ ನಿಲ್ಲಿಸುತ್ತಿದ್ದಳು. ಕೊಳ್ಳುವವರ ಮನೆಯ ಹೆಂಗಸನ್ನು ಕರೆದು, ಮಾರುವವರ ಅಡುಗೆಮನೆಯಲ್ಲಿ ಚಹಾ ಮಾಡು ಎನ್ನುತ್ತಿದ್ದಳು. ಚಹಾಪುಡಿ, ಸಕ್ಕರೆ ಆಕೆಯ ಚೀಲದಲ್ಲೇ ಇರುತ್ತಿದ್ದವು. “ಪುಡಿ, ಸಕ್ಕರಿ ನಂದು, ಒಲಿ ಅವರ್ದು, ಕೈ ನಿಂದು.” ಎಷ್ಟು ಕಪ್ಪು ಎಂಬುದನ್ನೂ ಆಕೆಯೇ ಹೇಳುತ್ತಿದ್ದಳು. ಕೂತ ಮಂದಿಗೆ ಬರೋಬರ್, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮಾರುವವರ ಮನೆಯಾಕೆಯ ಮುಖ ನೋಡುತ್ತಿದ್ದಳು.

ನಿಲಂಗಾದಲ್ಲಿ ಒಂದು ಸಲ ಆ ಪದ್ಧತಿಯನ್ನು ನಾನೇ ಕಣ್ಣಾರೆ ಕಂಡೆ. ಮನೆ ನನ್ನ ಪರಿಚಯದವರದು, ಗಿರಾಕಿ ಆಕೆಯವರು. ಎಲ್ಲ ಮುಗಿದಿತ್ತು. ಕೊಳ್ಳುವವರ ಸೊಸೆ ಗ್ಯಾಸು ಹಚ್ಚಿ ಪಾತ್ರೆ ಇಟ್ಟಳು, ಹಾಲು ಉಕ್ಕುವ ಹೊತ್ತಿಗೆ ಇಕ್ಕಳ ಹಿಡಿದಳು. ಆ ಮನೆಯ ಹಿರಿಯಾಕೆ ಎಲ್ಲಿದ್ದಳೋ, ಓಡಿ ಬಂದು ಇಕ್ಕಳ ಕಿತ್ತುಕೊಂಡು ತಾನೇ ಇಳಿಸಿದಳು. ಮಾವಶಿ ಹೊಸ್ತಿಲಿನಿಂದ ಎದ್ದು ಸೀರೆ ಝಾಡಿಸಿದಳು.

“ಈ ಮನಿ ಇನ್ನ ಮಾರಾಟಕ್ಕ ಬಂದಿಲ್ರಿ. ನಡೀರಿ ಎಲ್ಲಾರು.”

“ಅರೆ ಮಾವಶಿ, ರೇಟು ಆಗ್ಯಾದ, ಎಲ್ಲಾ ಆಗ್ಯಾದ…” ಎಂದ ಮನೆಯ ಮಾಲೀಕ.

“ರೇಟು ನಿಂದು ಆಗ್ಯಾದ. ಒಲಿ ಬಿಟ್ಟುಕೊಡದಾಕಿ ಮನಿ ಹ್ಯಾಂಗ ಬಿಟ್ಟುಕೊಡ್ತಾಳ? ನಾಳಿ ಇಸಾರ ತಗೊಂಡು ನಾಡದು ಅಳಾಕತ್ತಿದ್ರ ಇವರು ಎಲ್ಲಿಗಿ ಹೋಗಬೇಕು?”

ಕೈಗೆ ಬಂದ ದಲಾಲಿ ಬಿಟ್ಟು ಎದ್ದು ಹೋದಳು! ಹುಚ್ಚಿ ಎಂದುಕೊಂಡೆ. ಮುಂದಿನ ವರ್ಷ ಆ ಹಿರಿಯಾಕೆಯೇ ಆಕೆಯನ್ನು ಕರೆಸಿ ಅದೇ ಮನೆಯನ್ನು ಮಾರಿಸಿದಳು. ಅವರು ನನ್ನ ಪರಿಚಯದವರು, ನೆನಪಿರಲಿ. ನನ್ನನ್ನು ಕರೆಯಲಿಲ್ಲ.

ನಾನೂ ಒಮ್ಮೆ ಮಾಡಿ ನೋಡಿದೆ. ಯಾಕೆ ಸುಳ್ಳು ಹೇಳಲಿ? ಗುಂಜೋಟಿಯಲ್ಲಿ ಒಂದು ಮನೆ. ಕೊಳ್ಳುವವನ ಹೆಂಡತಿಗೆ ಚಹಾ ಮಾಡಲು ಹೇಳಿ, ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂರಲು ಹೋದೆ. ಮಾರುವವರ ಮನೆಯಾಕೆ ಸೊಂಟಕ್ಕೆ ಕೈ ಇಟ್ಟು, “ಯಾಕ್ರಿ, ನಮ್ಮ ಮನ್ಯಾಗ ಚಾ ಮಾಡೋರು ಸತ್ತಾರೇನು? ಏಳ್ರಿ ಮ್ಯಾಲ!” ಎಂದಳು. ಅವತ್ತು ಚಹಾನೂ ಸಿಗಲಿಲ್ಲ, ಮನೆಯೂ ಮಾರಾಟವಾಗಲಿಲ್ಲ.

ಆಕೆ ದಲಾಲಿಯನ್ನು ಎರಡೂ ಕಡೆಯಿಂದ ತೆಗೆದುಕೊಳ್ಳುತ್ತಿದ್ದಳು. ಆ ಕಾಲದಲ್ಲಿ ಎಲ್ಲರೂ ತೆಗೆದುಕೊಳ್ಳುತ್ತಿದ್ದೆವು. ಆದರೆ ನಾವು ಮಾರುವವನಿಗೆ ಒಂದು ಹೇಳಿ, ಕೊಳ್ಳುವವನಿಗೆ ಇನ್ನೊಂದು ಹೇಳಿ, ಕತ್ತಲಲ್ಲಿ ತೆಗೆದುಕೊಂಡರೆ ಆಕೆ ಇಬ್ಬರನ್ನೂ ಎದುರುಬದುರು ಕೂಡಿಸಿ, ನೂರಕ್ಕೆ ಒಂದು ಇವರದು, ನೂರಕ್ಕೆ ಒಂದು ಅವರದು ಎಂದು ಒಂದೇ ಚಾಪೆಯ ಮೇಲೆ ತೆಗೆದುಕೊಳ್ಳುತ್ತಿದ್ದಳು. “ಎರಡೂ ಮನಿ ಉಪ್ಪು ತಿಂದೀನಿ, ಎರಡೂ ಮನಿಗಿ ಖರೇ ಹೇಳಬೇಕಾಗ್ತದ,” ಎನ್ನುವಳು. ಹಾಗೆಯೇ ಹೇಳುತ್ತಿದ್ದಳು. ಈ ಮನೆಗೆ ನಳದ ನೀರು ಯಾವಾಗ ಬರುತ್ತದೆ, ಪಕ್ಕದವನು ಎಂಥವನು, ಅಣ್ಣತಮ್ಮಂದಿರಲ್ಲಿ ಯಾರು ಮುನಿಸಿಕೊಂಡಿದ್ದಾರೆ, ಎಲ್ಲ ಕೊಳ್ಳುವವರಿಗೆ. ಇವರ ಹತ್ತಿರ ಸಾಲ ಮಂಜೂರಾದದ್ದು ನಿಜವೋ ಬರೀ ಬಾಯಿಮಾತೋ, ಅದು ಮಾರುವವರಿಗೆ. ಆಕೆಗೆ ಎಲ್ಲ ಹೇಗೆ ಗೊತ್ತಾಗುತ್ತಿತ್ತು ಎಂದರೆ, ಹೆಂಗಸರು ಹೇಳುತ್ತಿದ್ದರು. ನನಗೆ ಯಾರು ಹೇಳುತ್ತಾರೆ?

ಆಮೇಲೆ ಕಾಯದೆ ಬದಲಾಯಿತು. ದಲಾಲರು ನೋಂದಣಿ ಮಾಡಿಸಬೇಕು, ಹೊಸ ಲೇಔಟುಗಳಲ್ಲಿ ವ್ಯವಹಾರ ಮಾಡುವವರು ಪರೀಕ್ಷೆ ಕೊಡಬೇಕು ಎಂದಾಯಿತು. ನಾನು ಲಾತೂರಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ಮೊದಲ ಸಲಕ್ಕೇ ಪಾಸಾದೆ. ಆಕೆಯೂ ಕೂತಳು, ಫೇಲಾದಳು. ಆ ಸುದ್ದಿ ಕೇಳಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಪೇಢೆ ತಂದು ಆಫೀಸಿನ ಮೇಜಿನ ಮೇಲೆ ಇಟ್ಟೆ. ಸಾಯಂಕಾಲದವರೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಎಲ್ಲಿಗೆ ಹೋಗಿದ್ದರು ಅಂದರೆ, ಆಕೆಯ ಮನೆಗೆ! ಫೇಲಾದವಳಿಗೆ ಸಮಾಧಾನ ಹೇಳಲು! ನಾನು ಆ ಓಣಿಯಲ್ಲಿ ಸುಮ್ಮನೆ ಹಾದು ಹೋದೆ. ಬಾಗಿಲ ಮುಂದೆ ಬೀಗರು ಬಂದವರ ಹಾಗೆ ಚಪ್ಪಲಿಗಳ ಸಾಲು. ಒಳಗಿನಿಂದ ಆಕೆಯ ನಗು ಕೇಳಿಸುತ್ತಿತ್ತು. “ಮಶೀನು ಕೇಳ್ತದವ್ವಾ, ಉತ್ತರ ಕೊಡು ಅಂತದ. ಅದರ ಮುಖ ನೋಡಬೇಕಂದ್ರ ಅದಕ್ಕ ಮುಖಾನೇ ಇಲ್ಲ.” ಪಾಸಾದವನು ನಾನು. ಪೇಢೆಯನ್ನು ನಾನೂ ಹೆಂಡತಿಯೂ ಕೂಡಿ ತಿಂದೆವು. ಮುಂದಿನ ಸಲ ಆಕೆಯೂ ಪಾಸಾದಳು ಬಿಡಿ.

ಆಗಲೇ ನಮ್ಮೂರ ದಲಾಲರ ಸಂಘದಲ್ಲಿ ಒಂದು ಠರಾವು ಆಯಿತು. ಕಾಯದೆ ಬದಲಾದ ಕಾಲಕ್ಕೆ ನಮ್ಮ ರೀತಿಯೂ ಬದಲಾಗಬೇಕು. ಇನ್ನು ಮೇಲೆ ಒಬ್ಬ ದಲಾಲ ಒಂದೇ ಕಡೆಯವನು. ಮಾರುವವನ ಕಡೆಯಾದರೆ ಮಾರುವವನಿಂದ ಮಾತ್ರ ದಲಾಲಿ, ಕೊಳ್ಳುವವನ ಕಡೆಯಾದರೆ ಕೊಳ್ಳುವವನಿಂದ ಮಾತ್ರ. ಒಂದು ಕಡೆಯವನು ಇನ್ನೊಂದು ಕಡೆಗೆ ಮಾತು ಮುಟ್ಟಿಸಿದರೆ ಆ ವ್ಯವಹಾರ ರದ್ದು, ಆ ದಲಾಲನ ಕಾಗದವನ್ನು ಊರಿನ ಯಾವ ಬಾಂಡ್ ರೈಟರನೂ ಬರೆಯತಕ್ಕದ್ದಲ್ಲ. ಠರಾವು ಬರೆದವನು ಸಂಘದ ಕಾರ್ಯದರ್ಶಿ. ಅಂದರೆ ನಾನು. ಪಾರದರ್ಶಕತೆ, ಗ್ರಾಹಕರ ಹಿತ ಎಂದೆಲ್ಲ ಮೇಲೆ ಬರೆದೆ. ಯಾರ ಮೇಲೆ ಕಣ್ಣಿಟ್ಟು ಬರೆದೆ ಎಂಬುದು ಸಂಘಕ್ಕೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಎರಡೂ ಕಡೆಯವಳಾಗಿರುವುದೇ ಆಕೆಯ ಬಂಡವಾಳ. ಒಂದು ಕಾಲು ಕಿತ್ತುಕೊಂಡರೆ ಹೇಗೆ ನಡೆಯುತ್ತಾಳೋ ನೋಡೋಣ ಎಂದುಕೊಂಡಿದ್ದೆ.

ಊರಿನಲ್ಲಿ ಆದದ್ದು ಬೇರೆ. ಕೊಳ್ಳುವವರು ಮೊದಲು ಕುಣಿದಾಡಿದರು, ದಲಾಲಿ ಉಳಿಯಿತೆಂದು. ತಮ್ಮ ಕಡೆಗೆಂದು ಯಾರನ್ನೂ ಹಿಡಿಯದೆ ಒಬ್ಬರೇ ಬರತೊಡಗಿದರು. ನಾವು ಮಾರುವವರಿಂದ ನೂರಕ್ಕೆ ಎರಡು ಕೇಳಿದೆವು. ಅವರು ಅದನ್ನು ಮನೆಯ ಬೆಲೆಗೆ ಸೇರಿಸಿದರು. ಅಲ್ಲಿಗೆ ಕೊಳ್ಳುವವನು ಎರಡೂ ಪಾಲು ಕೊಟ್ಟಂತಾಯಿತು, ಖರೇ ಮಾತು ಹೇಳುವವರು ಮಾತ್ರ ಯಾರೂ ಉಳಿಯಲಿಲ್ಲ. ಯೆಣೆಗೂರಿನ ಬಸ್ ಕಂಡಕ್ಟರ್ ಒಬ್ಬ ನನ್ನ ಮುಖಾಂತರ ಮನೆ ಕೊಂಡ. ಮೊದಲ ಮಳೆಗೇ ಓಣಿಯ ನೀರೆಲ್ಲ ನಡುಮನೆಗೆ ಬಂತು. ಅವನು ಚೀಟಿ ಹರಿಯುವ ಕೈಯನ್ನು ನನ್ನ ಮೇಜಿಗೆ ಕುಟ್ಟಿ, “ನಿಮಗ ಗೊತ್ತಿತ್ತಿಲ್ಲೇನ್ರಿ?” ಎಂದ.

“ಗೊತ್ತಿತ್ತು,” ಎಂದೆ. “ಆದ್ರ ನಾ ಮಾಲೀಕರ ಕಡ್ಯಾಂವ. ನಿಯಮ ಅದ.”

ನಿಯಮ ಇದ್ದದ್ದು ಹೌದು. ನನ್ನ ತಪ್ಪಲ್ಲ. ಹೀಗೆಯೇ ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ನಾನೇ ಕೊಳ್ಳುವವನಾದೆ.

ಊರಿಗೆಲ್ಲ ಮನೆ ಕೊಡಿಸುವ ನಾನು ಇದ್ದದ್ದು ಬಾಡಿಗೆ ಮನೆಯಲ್ಲಿ. ನಗಬೇಡಿ, ಕ್ಷೌರಿಕನ ತಲೆಯನ್ನು ಇನ್ನೊಬ್ಬ ಕ್ಷೌರಿಕನೇ ನೋಡಬೇಕು. ಮಾಲೀಕರ ಮಗನ ಮದುವೆ ನಿಶ್ಚಯವಾಗಿ, ದೀಪಾವಳಿಯೊಳಗೆ ಖಾಲಿ ಮಾಡಿ ಎಂದರು. ಹೆಂಡತಿ ಈ ಸಲ ಹಟ ಹಿಡಿದಳು. “ಇನ್ನೊಬ್ಬರ ಗ್ವಾಡಿಗಿ ಮೊಳಿ ಹೊಡ್ಯಾಕ ಕೇಳಿ ಕೇಳಿ ನನ್ನ ಬಾಯಿ ಒಣಗ್ಯಾದ. ನನಗ ನಂದೇ ಗ್ವಾಡಿ ಬೇಕು.” ಆಕೆ ಬೇರೆ ಏನನ್ನೂ ನನ್ನಿಂದ ಹೀಗೆ ಕೇಳಿದವಳಲ್ಲ. ಆಗಲೇ ಪೇಟೆಯ ಹಿಂದಿನ ಓಣಿಯಲ್ಲಿ ದವಾಖಾನೆಯ ಹಳೆಯ ಕಂಪೌಂಡರರ ಮನೆ ಮಾರಾಟಕ್ಕೆ ಬಂತು. ಗಟ್ಟಿ ಕಲ್ಲಿನ ಮನೆ, ಹಿತ್ತಲಲ್ಲಿ ಬೇವಿನ ಮರ, ನಮ್ಮ ಕೈಗೆ ಎಟಕುವ ಬೆಲೆ. ಅವರು ಲಾತೂರಿಗೆ, ಮಗನ ಹತ್ತಿರ, ಹೋಗುವವರು. ಹೆಂಡತಿ ಬೀದಿಯಿಂದ ನೋಡಿಯೇ ಯಾವ ಗೋಡೆಗೆ ಯಾವ ಮೊಳೆ ಎಂದು ಲೆಕ್ಕ ಹಾಕಿದಳು.

ಕಂಪೌಂಡರರ ಕಡೆಯ ದಲಾಲರು ಯಾರು? ಮತ್ತ್ಯಾರು!

ಹೆಂಡತಿ ನನಗೆ ಹೇಳದೆ ಆಕೆಯ ಮನೆಗೆ ಹೋಗಿ, “ಮಾವಶಿ, ನೀವು ನಮ್ಮ ಕಡಿ ಆಗ್ರಿ,” ಎಂದಿದ್ದಳಂತೆ. ಆಕೆ, “ಅವರಿಗಿ ಮಾತು ಕೊಟ್ಟೀನವ್ವಾ. ಮೊದಲಿನ್ಹಂಗ ಇದ್ದಿದ್ರ ಇಬ್ಬರಿಗೂ ಆಗ್ತಿದ್ದೆ. ನಿನ್ನ ಗಂಡ ಬರದಿಟ್ಟಾನಲ್ಲ,” ಎಂದಳಂತೆ. ಇದನ್ನು ಹೆಂಡತಿ ನನಗೆ ಊಟಕ್ಕೆ ಬಡಿಸುವಾಗ ಹೇಳಿದಳು. ತಟ್ಟೆ ಪಕ್ಕಕ್ಕೆ ಸರಿಸಿದೆ. ದಲಾಲನ ಹೆಂಡತಿ ಇನ್ನೊಬ್ಬ ದಲಾಲರ ಬಾಗಿಲಿಗೆ ಹೋಗುವುದೆಂದರೇನು? ನಾನಿಲ್ಲವೆ?

“ಇದೀರಿ,” ಎಂದಳು. “ಅದಕ್ಕ ಹೋಗಿದ್ದೆ.”

ನಾನೇ ಕಾಗದ ನೋಡಿದೆ. ನಗರಪರಿಷತ್ತಿನ ಆಸ್ತಿ ಉತಾರದಲ್ಲಿ ಕಂಪೌಂಡರರ ಹೆಸರು ಒಂದೇ. ತೆರಿಗೆ ಚುಕ್ತಾ. ಸ್ವಚ್ಛ ಕಾಗದ. ಊರಲ್ಲಿ ನಾಲ್ಕು ಜನರನ್ನು ವಿಚಾರಿಸುವುದು ವಾಡಿಕೆ, ಆದರೆ ಯಾರನ್ನು ವಿಚಾರಿಸಿದರೂ ಅದು ಕೊನೆಗೆ ಮಾವಶಿಯ ಹತ್ತಿರವೇ ಹೋಗಿ ಮುಟ್ಟುತ್ತದೆ. ಆಕೆಯ ಬಾಯಿಂದ ನನ್ನ ಮನೆಯ ಚರಿತ್ರೆ ಕೇಳುವ ದರ್ದು ನನಗಿರಲಿಲ್ಲ. ರೇಟು ಮಾತಾಡಿದೆ, ಚೆನ್ನಾಗಿಯೇ ಜಗ್ಗಾಡಿದೆ. ಆಕೆ ಮಾಲೀಕರ ಪರವಾಗಿ ನನ್ನ ಜೊತೆ ಅರ್ಧ ದಿನ ಹಟ ಮಾಡಿ ಒಪ್ಪಿದಳು. ಆಕೆಯನ್ನು ಸೋಲಿಸಿದೆ ಎಂದು ನನಗೆ ಮೈಯೆಲ್ಲ ಹಗುರ.

ಇಸಾರದ ಹಿಂದಿನ ದಿನ ಚಹಾ. ನಾನು ಬೇಡವೆಂದೆ. ಕಂಪೌಂಡರರ ಹೆಂಡತಿಯೇ, “ಮಾವಶಿ ಪದ್ಧತಿ ಇರಲಿ ಬಿಡ್ರಿ,” ಎಂದರು. ನಡುಮನೆಯಲ್ಲಿ ಕುರ್ಚಿ ಹಾಕಿದ್ದರು. ಕಂಪೌಂಡರರು ಒಂದರಲ್ಲಿ, ನಾನೊಂದರಲ್ಲಿ, ಮಾವಶಿ ಯಥಾಪ್ರಕಾರ ಅಡುಗೆಮನೆಯ ಹೊಸ್ತಿಲ ಮೇಲೆ. ಒಳಗೆ ನನ್ನ ಹೆಂಡತಿ ಗ್ಯಾಸು ಹಚ್ಚಿದಳು. ಕಂಪೌಂಡರರ ಹೆಂಡತಿ ತಾವಾಗಿ ಹಾಲಿನ ಪಾತ್ರೆ ಕೈಗೆ ಕೊಟ್ಟು, “ಈ ಬರ್ನರ್ ಸ್ವಲ್ಪ ಸಣ್ಣಗ ಉರೀತದವ್ವಾ,” ಎಂದು ಹೇಳಿಕೊಟ್ಟರು. ಒಲೆ ಬಿಟ್ಟುಕೊಟ್ಟಂತಾಯಿತು. ನಾನು ಒಳಗೊಳಗೇ ಮೀಸೆ ತಿರುವಿದೆ.

ಆಗ ಮಾವಶಿ ಅಂದಳು: “ಇನ್ನೊಂದು ಕಪ್ಪ ಹಾಕವ್ವಾ.”

“ಯಾರಿಗ್ರಿ ಮಾವಶಿ?” ಹೆಂಡತಿ ಇಣುಕಿದಳು. “ಎಲ್ಲಾರದೂ ಆತಲ್ಲ.”

“ಹಾಕು.”

ಹೆಂಡತಿ ಹಾಕಿದಳು. ಮಾವಶಿ ಎದ್ದು ಆ ಕಪ್ಪನ್ನು ತಂದು ಖಾಲಿ ಕುರ್ಚಿಯೊಂದರ ಮುಂದೆ, ಸ್ಟೂಲಿನ ಮೇಲೆ ಇಟ್ಟು, ಹೋಗಿ ತನ್ನ ಜಾಗದಲ್ಲಿ ಕೂತಳು. ಕಂಪೌಂಡರರು ತಮ್ಮ ಚಹಾವನ್ನು ಊದುತ್ತಲೇ ಇದ್ದರು, ಕುಡಿಯಲಿಲ್ಲ. ಆ ಕಪ್ಪಿನಿಂದ ಹಬೆ ಏಳುತ್ತಿತ್ತು. ಇದೊಂದು ಹೊಸ ನಾಟಕ ಕಲಿತಿದ್ದಾಳೆ, ನಮ್ಮನ್ನೆಲ್ಲ ಹೆದರಿಸಲಿಕ್ಕೆ, ಎಂದು ನನಗೆ ತಲೆಗೇರಿತು. ಕೈ ಚಾಚಿ ಆ ಕಪ್ಪನ್ನೂ ಎತ್ತಿ ಗಟಗಟ ಕುಡಿದು ಸ್ಟೂಲಿನ ಮೇಲೆ ಟಕ್ ಅಂತ ಇಟ್ಟೆ.

ಮಾವಶಿ ನನ್ನನ್ನು ಒಂದು ಗಳಿಗೆ ನೋಡಿದಳು.

“ಸಕ್ಕರಿ ಬರೋಬರ್ ಅದ ಏನ್ ತಮ್ಮಾ?”

“ಅದ,” ಎಂದೆ, ಗೆದ್ದವನ ಗತ್ತಿನಲ್ಲಿ.

ಮನೆಗೆ ಬರುವ ದಾರಿಯಲ್ಲಿ ಹೆಂಡತಿ, “ನಾಳಿ ಇಸಾರ ಕೊಡಬ್ಯಾಡ್ರಿ,” ಎಂದಳು.

“ಯಾಕ? ಗ್ವಾಡಿ ಬ್ಯಾಡಾತೇನು?”

“ಉದಗೀರದಾಗ ಕಂಪೌಂಡರ ತಂಗಿ ಇದ್ದಾಳ. ಅವರಪ್ಪ ಕಟ್ಟಿಸಿದ ಮನಿ ಇದು. ಆಕಿದೂ ಪಾಲು ಅದ. ಆಕಿ ಸಹಿ ಇಲ್ಲದ ತಗೊಂಡ್ರ ನಾಳಿ ಕೋರ್ಟು.”

ನಾನು ನಡುರಸ್ತೆಯಲ್ಲಿ ನಿಂತೆ. “ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಇನ್ನೊಂದು ಕಪ್ಪ ಯಾರದ್ರಿ ಅಂತ ನಾ ಕಂಪೌಂಡರ ಮನಿಯವರಿಗೆ ಒಳಗ ಕೇಳಿದೆ. ಅವರು ಸೆರಗ ಬಾಯಿಗಿ ಹಚ್ಚಿ, ‘ನಮ್ಮ ಉದಗೀರದ ನಾದಿನಿದಿರಬೇಕವ್ವಾ, ಇದು ಆಕಿ ತವರಮನಿ’ ಅಂದ್ರು.”

“ಮತ್ತ ಮಾವಶಿ ನನಗ ಹೇಳಬಹುದಿತ್ತಲ್ಲ!”

“ಹೇಳಿದ್ಳಲ್ಲ,” ಎಂದಳು ಹೆಂಡತಿ. “ನೀವು ಕುಡದ್ರಿ.”

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮನೆ ಕೈತಪ್ಪುವ ಚಿಂತೆಗಲ್ಲ. ನನ್ನ ಎದುರಿಗೇ, ನನ್ನ ನಿಯಮ ಒಂದು ಕೂದಲೆಳೆಯಷ್ಟೂ ಮುರಿಯದಂತೆ, ಆಕೆ ನನ್ನ ಹೆಂಡತಿಗೆ ಮುಟ್ಟಿಸಿದಳು. ನಾನು ಕಂಡಕ್ಟರನಿಗೆ ಹೇಳದೇ ಹೋದದ್ದನ್ನು ಆಕೆ ತುಟಿ ಬಿಚ್ಚದೇ ಹೇಳಿದಳು. ಅಷ್ಟು ಬುದ್ಧಿ ದೇವರು ಆಕೆಗೇ ಯಾಕೆ ಕೊಟ್ಟ? ನನಗೆ ತಿರುಗುವ ಕುರ್ಚಿ ಕೊಟ್ಟು ಸುಮ್ಮನಾದನೇನು?

ನಾವು ಉದಗೀರಕ್ಕೆ ಹೋದೆವು. ಕಂಪೌಂಡರರ ತಂಗಿ ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು. “ಅಣ್ಣ ಒಂದು ಕುಪ್ಪಸದ ಖಣ ಹಿಡಕೊಂಡು ಬಂದು, ತಂಗಿ, ಮನಿ ಮಾರಾಕತ್ತೀನಿ ಅಂದಿದ್ರ ಪುಕ್ಕಟ ಸಹಿ ಮಾಡ್ತಿದ್ದೆ. ಮಂದಿ ಬಂದು ಹೇಳಬೇಕಾತಲ್ಲ ನನಗ! ಈಗ ನನ್ನ ಪಾಲು ನನಗ ಬೇಕು.” ನನ್ನ ಹೆಂಡತಿ ಆಕೆಯ ಕೈ ಹಿಡಿದು, “ಬೇಕೇ ಬೇಕ್ರಿ,” ಎಂದಳು. ಕೊಳ್ಳುವವರ ಬಾಯಲ್ಲಿ ಬರುವ ಮಾತೇ ಅದು?

ಕಂಪೌಂಡರರು ಸಿಟ್ಟಿಗೆದ್ದು ನಮ್ಮ ಸಂಘಕ್ಕೆ ಫಿರ್ಯಾದಿ ಕೊಟ್ಟರು. ತಮ್ಮ ಕಡೆಯವಳಾದ ಮಾವಶಿ ಆ ಕಡೆಗೆ ಮಾತು ಮುಟ್ಟಿಸಿದ್ದಾಳೆ. ವ್ಯವಹಾರ ರದ್ದಾಗಬೇಕು, ತಾವು ಬೇರೆಯವರಿಗೆ ಮಾರುತ್ತೇವೆ. ಅವರಿಗೆ ಬೇಕಾದದ್ದು ತಂಗಿಯ ಸುದ್ದಿ ಗೊತ್ತಿಲ್ಲದ ಇನ್ನೊಬ್ಬ ಗಿರಾಕಿ. ಫಿರ್ಯಾದಿ ನಿಜವೆಂದಾದರೆ ನಮ್ಮ ಮನೆ ಹೋಯಿತು. ಜೊತೆಗೆ ಮಾವಶಿಯ ಧಂದೆಯೂ ಹೋಯಿತು.

ಇಷ್ಟು ವರ್ಷ ಹರಕೆ ಹೊತ್ತರೂ ಸಿಗದ ಅವಕಾಶ ಕಾಲಿಗೆ ಬಂದು ಬಿದ್ದಿತ್ತು. ನಾನು ಎದ್ದು, ‘ಹೌದು, ಆಕೆ ಒಂದು ಕಪ್ಪು ಹೆಚ್ಚಿಗೆ ಹಾಕಿಸಿದಳು, ಅದೇ ಸನ್ನೆ’ ಎಂದರೆ ಮುಗಿಯಿತು. ಉಮರಗಾದಲ್ಲಿ ನನ್ನ ಗಾಜಿನ ಬಾಗಿಲು ಬಿಟ್ಟರೆ ಜನಕ್ಕೆ ಬೇರೆ ಬಾಗಿಲಿಲ್ಲ. ಸಭೆಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಿದ್ದೆ. ನನ್ನ ಮುಖದಲ್ಲಿ ಹೆಂಡತಿ ಏನು ಕಂಡಳೋ.

“ಮನಿ ಬೇಕೋ, ಆಕಿ ಸೋಲೋದು ಬೇಕೋ, ಮೆಟ್ಟಿಲ ಇಳಿಯೋದರಾಗ ನೋಡಿಕೋರಿ,” ಎಂದಳು.

ನೋಡಿಕೊಳ್ಳಲಿಲ್ಲ. ಮೆಟ್ಟಿಲು ಇಳಿದೂ ನನಗೆ ಎರಡೂ ಬೇಕಾಗಿತ್ತು.

ಸಭೆ ಸೇರಿದ್ದು ಅಧ್ಯಕ್ಷರ ಗೋದಾಮಿನಲ್ಲಿ, ತೊಗರಿಯ ಚೀಲಗಳ ನಡುವೆ. ಅಧ್ಯಕ್ಷರು ದಲಾಲಿಯ ಜೊತೆ ಧಾನ್ಯದ ವ್ಯಾಪಾರವನ್ನೂ ಮಾಡುವವರು, ವಯಸ್ಸಾದವರು. ಕಂಪೌಂಡರರು ತಮ್ಮದನ್ನು ಹೇಳಿದರು. ಮಾವಶಿಯನ್ನು ಕೇಳಿದಾಗ, “ಚಾದ ಮಾತು ಬಿಟ್ಟು ನಾ ಅವತ್ತ ಬ್ಯಾರೆ ಏನೂ ಆಡಿಲ್ರಿ. ಅವರೇ ಕೂತಾರಲ್ಲ, ಕೇಳ್ರಿ,” ಎಂದು ನನ್ನ ಕಡೆ ಕೈ ಮಾಡಿದಳು. ಹೆದರಿಕೆ ಇತ್ತು ಆಕೆಗೆ. ಗಡಿಯಾರವನ್ನು ಕೈ ಮೇಲೆ ಸುಮ್ಮನೆ ತಿರುಗಿಸುತ್ತಿದ್ದಳು. ನಾನು ಅದನ್ನು ಮೊದಲ ಸಲ ಕಂಡೆ, ಕಂಡು ಖುಷಿಯೂ ಪಟ್ಟೆ.

ಅಧ್ಯಕ್ಷರು ನನ್ನತ್ತ ತಿರುಗಿದರು. “ಕಾರ್ಯದರ್ಶಿಗಳ, ನೀವರ ಹೇಳ್ರಿ. ಈಕಿ ನಿಮಗ ತಂಗಿ ಸುದ್ದಿ ಹೇಳಿದ್ಳೋ ಇಲ್ಲೋ?”

ಬಾಯಿ ತೆರೆದೆ. ಕಪ್ಪಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ ಇನ್ನೇನೋ ಉಕ್ಕಿ ಬಂತು. ಇಷ್ಟು ವರ್ಷ ಊರಿಗೆಲ್ಲ ಹೇಳಿದಳು. ನರ್ಸುಗಳಿಗೆ ಹೇಳಿದಳು, ಮಾಸ್ತರರಿಗೆ ಹೇಳಿದಳು, ನನ್ನ ಹೆಂಡತಿಗೆ ಕೂಡ ಹೇಳಿದಳು. ಅದೇ ಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ನನಗೆ?

“ನನಗ?” ಎಂದೆ. ದನಿ ನನ್ನ ಕೈ ಮೀರಿ ಏರಿತು. “ನನಗ ಆಕಿ ಏನ್ ಹೇಳ್ತಾಳ್ರಿ! ನನಗ ಇವತ್ತಿನತನಕ ಆಕಿ ಒಂದ ಮಾತರ ಹೇಳ್ಯಾಳೇನ್ ಕೇಳ್ರಿ! ಊಟ ಆತೇನು ಅನ್ನೋದು ಬಿಟ್ಟು ಒಂದ ಮಾತು!”

ಗೋದಾಮಿನಲ್ಲಿದ್ದವರೆಲ್ಲ ಒಮ್ಮೆಗೇ ನಕ್ಕರು. ಅಧ್ಯಕ್ಷರಿಗೆ ನಕ್ಕು ನಕ್ಕು ಕೆಮ್ಮು ಬಂತು. “ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇನ್ರೋ? ಮುಖ ನೋಡ್ರಿ ಇವನದು! ಹೊಟ್ಟೆಕಿಚ್ಚು ಸುಳ್ಳು ಹೇಳ್ತದೇನು? ಫಿರ್ಯಾದಿ ಖಾರಿಜ್, ವಜಾ. ಕಂಪೌಂಡರ, ನಿಮ್ಮ ತಂಗೀನ ಕರಕೊಂಡು ಬಂದು ಕಾಗದ ಮುಗಸ್ರಿ.”

ಹೀಗೆ ನನ್ನ ಹೊಟ್ಟೆಯುರಿಯೇ ಆಕೆಯ ಪರವಾಗಿ ಸಾಕ್ಷಿ ನುಡಿಯಿತು. ನಮಗೆ ಮನೆ ಸಿಕ್ಕಿತು. ಇದಕ್ಕೆ ನಾನು ಅಳಲೋ ನಗಲೋ?

ಹೊರಗೆ ಎಲ್ಲರೂ ಚದುರಿದ ಮೇಲೆ ಆಕೆ ಚಪ್ಪಲಿ ಮೆಟ್ಟಿಕೊಂಡು ನನ್ನ ಹತ್ತಿರ ಬಂದಳು. ಏನಾದರೂ ಅನ್ನುತ್ತಾಳೆ, ಉಪಕಾರ ಎನ್ನುತ್ತಾಳೆ, ಆಗ ನಾನು ಮುಖ ತಿರುಗಿಸಬೇಕು ಎಂದು ಸಿದ್ಧನಾಗಿ ನಿಂತೆ.

“ವ್ಯವಹಾರ ಮುಗೀತು. ಈಗ ನಾ ಯಾರ ಕಡ್ಯಾಕಿನೂ ಅಲ್ಲ,” ಎಂದಳು. “ಹಿತ್ತಲ ಗ್ವಾಡಿ ಒಳಗ ಹಸಿ ಅದ ತಮ್ಮಾ. ಮಳಿಗಾಲಕ್ಕಿಂತ ಮುಂಚೆ ಗಿಲಾವ ಮಾಡಸು.”

ಅಷ್ಟು ಹೇಳಿ ಪೇಟೆಯ ಕಡೆ ನಡೆದಳು.

ಮಾಡಿಸಲಿಲ್ಲ. ಆಕೆ ಹೇಳಿದಳೆಂಬ ಒಂದೇ ಕಾರಣಕ್ಕೆ ಗೋಡೆಗೆ ಗಾರೆ ಮೆತ್ತಿಸಲಿಲ್ಲ. ಆ ಮಳೆಗಾಲ ಗೋಡೆ ಸೋರಿತು, ಅದರ ಮುಂದಿನ ಮಳೆಗಾಲವೂ ಸೋರಿತು. ಹೆಂಡತಿ ಬೈದಳು, ಕೊನೆಗೆ ಬೈಯುವುದನ್ನೂ ಬಿಟ್ಟು ಆ ಗೋಡೆಯ ಕೆಳಗೆ ಪಾತ್ರೆ ಇಡುವುದನ್ನು ರೂಢಿ ಮಾಡಿಕೊಂಡಳು. ರಸ್ತೆಯಲ್ಲಿ ಆಕೆ ಸಿಕ್ಕು “ಗಿಲಾವ ಆತೇನ್ ತಮ್ಮಾ?” ಎಂದಾಗಲೆಲ್ಲ ಆಗಿಲ್ಲ ಎನ್ನುವುದರಲ್ಲಿ ನನಗೊಂದು ಸುಖ ಇತ್ತು.

ಮಣ್ಣಿನ ಮರುದಿನ ಗೌಂಡಿಯನ್ನು ಕರೆಸಿದೆ. ಅವನು ಹಿತ್ತಲಲ್ಲಿ ಉಸುಕು ಸೋಸುವ ಸದ್ದು ಕೇಳಿ ಹೆಂಡತಿ ಹೊರಗೆ ಬಂದಳು.

“ಇಷ್ಟು ವರ್ಷ ಆದ ಮ್ಯಾಲ ಈಗ್ಯಾಕ್ರಿ?”

“ಈಗ ಮಾಡಿಸಿದ್ರ ಆಕಿಗಿ ಗೊತ್ತಾಗಂಗಿಲ್ಲ,” ಎಂದೆ.

ಹೆಂಡತಿ ನಗುತ್ತಾಳೆಂದುಕೊಂಡೆ. ನಗಲಿಲ್ಲ. ಗೌಂಡಿ ಕರಣೆಯಲ್ಲಿ ಮೊದಲ ಗಾರೆ ಎಳೆದು, ಬರೋಬರ್ ಬಂತೇನು ನೋಡ್ರಿ ಎಂದ. ನನ್ನ ಕಣ್ಣಿಗೆ ಗೋಡೆ ಮಬ್ಬಾಗಿ ಕಾಣುತ್ತಿತ್ತು. ‘ಬಂತು’ ಎಂದೆ.